ಅಕ್ಕ, ಚೀಲ ಹಿಡ್ಕೋ

ಭಾನುವಾರ ಸಂಜೆ ಐದು ಗಂಟೆ ಐವತ್ತೆರಡು ನಿಮಿಷ. ದಾದರ್ ಸ್ಟೇಷನ್ನಿನ ಗಡಿಯಾರವನ್ನು ನಾನೇ ನೋಡಿದ್ದೆ. ಬೋರಿವಲಿ ಲೋಕಲ್ ಐದು ಐವತ್ತಕ್ಕೆ ಬರಬೇಕಿತ್ತು, ಬಂದಿರಲಿಲ್ಲ. “ಎರಡು ನಿಮಿಷ ಲೇಟು” ಎಂದು ಅಮ್ಮನಿಗೆ ಹೇಳಿ ಮುಗಿಸುವಷ್ಟರಲ್ಲಿ ಖಾಲಿ ಗಾಡಿ ಪ್ಲಾಟ್‌ಫಾರ್ಮಿನೊಳಕ್ಕೆ ಬಂತು.

ನಾವು ಮೂವರಿದ್ದೆವು. ಅಮ್ಮ, ನಾನು, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವನಾದ ತಮ್ಮ ಮುರಳಿ. ತಿಂಗಳಿಗೊಮ್ಮೆ ಕಾಂದಿವಲಿಯಿಂದ ಮಾಟುಂಗಕ್ಕೆ ಹೋಗಿ ನಮ್ಮ ಕಡೆಯ ತರಕಾರಿ, ಮಲ್ಲಿಗೆ, ಕಾಫಿಪುಡಿ ತರುವುದು ಮೈಸೂರಿನಿಂದ ಬಂದ ನಮ್ಮಂಥವರ ಮನೆಗಳಲ್ಲಿ ರೂಢಿ. ವಾಪಸ್ಸು ಬರುವಾಗ ಮಾಟುಂಗ ರೋಡಿನಲ್ಲಿ ಹತ್ತಿದರೆ ಕೂರಲು ಜಾಗ ಸಿಗುತ್ತಿರಲಿಲ್ಲ. ಅದಕ್ಕೇ ಒಂದು ಸ್ಟೇಷನ್ ಹಿಂದಕ್ಕೆ, ದಾದರ್‌ಗೆ ಹೋಗಿ, ಅಲ್ಲಿಂದಲೇ ಹೊರಡುವ ಲೋಕಲ್ಲನ್ನು ಕಾಯುತ್ತಿದ್ದೆವು. ಗಾಡಿ ನಿಲ್ಲುವ ಮೊದಲೇ ಮನೆಯ ಗಂಡಸೊಬ್ಬ ಅದರ ಜೊತೆ ನಾಲ್ಕು ಹೆಜ್ಜೆ ಓಡಿ, ಬಾಗಿಲ ಕಂಬ ಹಿಡಿದು ಜಿಗಿದು, ಸೀಟಿನ ಮೇಲೆ ಕರ್ಚೀಫು ಹಾಸಬೇಕು. ಉಳಿದವರು ನಿಧಾನವಾಗಿ ಹತ್ತಬೇಕು. ಬೊಂಬಾಯಿಯಲ್ಲಿ ಇದನ್ನು ಯಾರೂ ಸಾಹಸ ಎಂದುಕೊಳ್ಳುತ್ತಿರಲಿಲ್ಲ. ಚಪ್ಪಲಿ ಹಾಕಿಕೊಂಡಷ್ಟೇ ಸಹಜ.

ಮುರಳಿಯ ಕೈಯಲ್ಲಿ ಬಟ್ಟೆಯ ಕೈಚೀಲವಿತ್ತು. ಅದರೊಳಗೆ ಒಂದು ಬೂದುಗುಂಬಳಕಾಯಿ. ನಾನು ಅಮ್ಮನ ತೋಳು ಹಿಡಿದುಕೊಂಡಿದ್ದೆ, ಆಕೆಗೆ ಮಂಡಿನೋವು.

“ಅಕ್ಕ, ಚೀಲ ಹಿಡ್ಕೋ” ಎಂದ.

“ಅಯ್ಯೋ ಹೋಗೋ, ಗಾಡಿ ಬಂತು! ಅಮ್ಮನಿಗೆ ಕಿಟಕಿ ಹತ್ರ ಹಿಡಿ” ಎಂದೆ.

ಅವನು ಹೋದ. ಒಂದು ಕೈಯಲ್ಲಿ ಚೀಲ, ಒಂದು ಕೈಯಲ್ಲಿ ಕಂಬ. ಕುಂಬಳಕಾಯಿಯ ಭಾರಕ್ಕೆ ಚೀಲ ತೂಗಿ ಬಾಗಿಲಿಗೆ ಬಡಿದದ್ದನ್ನು ನೋಡಿದೆ. ಅವನ ಮೈ ಅರ್ಧ ಸುತ್ತು ತಿರುಗಿದ್ದನ್ನು ನೋಡಿದೆ. ಆಮೇಲೆ ಅವನು ಕಾಣಲಿಲ್ಲ. ಜನ ಚೈನು ಎಳೆಯಿರಿ ಎಂದು ಕೂಗುತ್ತಿದ್ದರು. ನಾನು ಮಾತ್ರ ಅವನು ಒಳಗೆ ಹೋಗಿ ಸೀಟು ಹಿಡಿದಿದ್ದಾನೆ ಎಂದುಕೊಂಡು ಕಿಟಕಿಗಳಲ್ಲಿ ಅವನ ಮುಖ ಹುಡುಕುತ್ತಿದ್ದೆ. ಎಷ್ಟು ಹೊತ್ತು? ಹತ್ತು ಸೆಕೆಂಡು ಇರಬಹುದು. ಆ ಹತ್ತು ಸೆಕೆಂಡುಗಳನ್ನು ಎಷ್ಟು ಸಾವಿರ ಸಲ ತಿರುಗಿ ನೋಡಿದ್ದೇನೋ ನನಗೇ ತಿಳಿಯದು. ಪ್ರತಿ ಸಲವೂ ನಾನು ಕೈ ಚಾಚಿ ಚೀಲ ತೆಗೆದುಕೊಳ್ಳುತ್ತೇನೆ.

ಅವನನ್ನು ಹಳಿಯಿಂದ ಮೇಲಕ್ಕೆತ್ತಿದವರು ಇಬ್ಬರು ಹಮಾಲರು. ಮೀನಿನ ಬುಟ್ಟಿ ಪಕ್ಕಕ್ಕಿಟ್ಟ ಹೆಂಗಸೊಬ್ಬಳು ತನ್ನ ಸೆರಗಿನ ಅಂಚು ಹರಿದು ಅವನ ಎಡ ಮೊಣಕಾಲಿನ ಕೆಳಗೆ ಬಿಗಿಯಾಗಿ ಕಟ್ಟಿದಳು. ನನ್ನ ಕಡೆ ತಿರುಗಿ, “ಘಾಬರೂ ನಕೋ ಪೋರೀ” ಎಂದಳು, ಹೆದರಬೇಡ ಮಗಳೇ ಎಂದು. ಆಮೇಲೆ ಬುಟ್ಟಿ ಎತ್ತಿಕೊಂಡು ಮುಂದಿನ ಗಾಡಿಗೆ ಹೊರಟುಹೋದಳು. ಆ ಗಂಟಿನಿಂದ ಅವನು ಬದುಕಿದ ಎಂದು ಡಾಕ್ಟರು ಆಮೇಲೆ ಹೇಳಿದರು. ಅವಳ ಹೆಸರನ್ನು ಕೇಳಲಿಲ್ಲವಲ್ಲ ಎಂಬ ಕೊರಗು ನನಗೆ ಇವತ್ತಿಗೂ ಇದೆ.

ಆಸ್ಪತ್ರೆಯಲ್ಲಿ ಸಹಿ ಹಾಕಲು ಮನೆಯವರು ಬೇಕು ಎಂದರು. ಅಪ್ಪ ಕಾಂದಿವಲಿಯಲ್ಲಿದ್ದರು, ಮನೆಯಲ್ಲಿ ಫೋನಿರಲಿಲ್ಲ. ಅಮ್ಮ ಬೆಂಚಿನ ಮೇಲೆ ಕೂತು ತನ್ನ ಮಂಡಿಯನ್ನೇ ನೋಡುತ್ತಿದ್ದಳು. ಪಾದ ಉಳಿಯುವುದಿಲ್ಲ, ತಡ ಮಾಡಿದರೆ ಜೀವವೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ನನ್ನ ವಯಸ್ಸಿನವರೇ ಇರಬೇಕು, ಕಣ್ಣಲ್ಲಿ ನಿದ್ದೆಯಿತ್ತು. “ಮೊಣಕಾಲು ಉಳಿಸಲು ನೋಡುತ್ತೇನೆ. ಮೊಣಕಾಲು ಉಳಿದರೆ ಬಹಳಷ್ಟು ಉಳಿದ ಹಾಗೆ” ಎಂದರು. ಕಾಗದದಲ್ಲಿ ‘ಸಂಬಂಧ’ ಎಂಬ ಕಡೆ ನಾನು ‘ಅಕ್ಕ’ ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿದೆ.

ಈಜು, ಸೈಕಲ್ಲು, ಓಟ, ಈ ಮೂರನ್ನು ಬಿಟ್ಟರೆ ಬೇರೆ ಯಾವುದಕ್ಕೂ ಹಾಸಿಗೆ ಬಿಟ್ಟು ಏಳದ ಹುಡುಗ ಅವನು. ಕುರ್ಲಾದ ಒಂದು ಕಾರ್ಖಾನೆಯಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದ. ವಾರದಲ್ಲಿ ಎರಡು ದಿನ ಲೋಕಲ್ ಬಿಟ್ಟು ಸೈಕಲ್ಲಿನಲ್ಲೇ ಕಾಂದಿವಲಿಯಿಂದ ಕುರ್ಲಾಕ್ಕೆ ಹೋಗುತ್ತಿದ್ದ. ಅಂಥವನ ಕಾಲು ತೆಗೆಯಲು ನಾನು ಸಹಿ ಹಾಕಿದೆ.

ಮೂರನೆಯ ದಿನ ಜ್ವರ ಬಂತು. ಗಾಯದಲ್ಲಿ ಸೋಂಕು, ಅದು ಮೇಲಕ್ಕೇರಿದರೆ ಮೊಣಕಾಲನ್ನೂ ತೆಗೆಯಬೇಕಾಗುತ್ತದೆ ಎಂದರು. ನಾನು ಬಿ.ಎಸ್ಸಿ. ಓದಿ ಕಾಂದಿವಲಿಯ ಔಷಧಿ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದವಳು. ಗಾಜಿನ ತಟ್ಟೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಎಣಿಸುವುದೇ ನನ್ನ ಕೆಲಸ. ಒಂದು ಹಗಲು ಕಳೆಯುವುದರಲ್ಲಿ ಅವು ಎಷ್ಟಾಗುತ್ತವೆ ಎಂದು ಗೊತ್ತಿದ್ದದ್ದೇ ನನಗೆ ಶಾಪವಾಯಿತು. ಅಮ್ಮ ದೇವರನ್ನು ಕೇಳಿಕೊಳ್ಳುತ್ತಿದ್ದಳು, ನಾನು ಆ ತಟ್ಟೆಗಳನ್ನು ಕಾಣುತ್ತಿದ್ದೆ.

ಹನ್ನೊಂದು ದಿನ ಹಾಗೆ ಹೋಯಿತು. ಬೆಳಿಗ್ಗೆ ಪಟ್ಟಿ ಬಿಚ್ಚುವಾಗ ನಮ್ಮನ್ನು ಹೊರಗೆ ಕಳಿಸುತ್ತಿದ್ದರು. ಬಾಗಿಲಾಚೆಯ ಬೆಂಚಿನ ಮೇಲೆ ಅಪ್ಪ, ಅಮ್ಮ, ನಾನು. ಬಾಗಿಲು ತೆರೆದಾಗ ಮೂವರೂ ನರ್ಸಿನ ಮುಖ ನೋಡುವುದು. ಅವರು ಒಂದು ಬೆರಳು ಕೆಳಮುಖ ಮಾಡಿ ತೋರಿಸಿದರೆ ಸೋಂಕು ಮೇಲಕ್ಕೆ ಹೋಗಿಲ್ಲ ಎಂದರ್ಥ. ಆ ಸನ್ನೆ ಅವರೇ ಕಂಡುಕೊಂಡದ್ದು, ನಮಗಾಗಿ. ಅಪ್ಪ ಬಾಯಿಬಿಟ್ಟು ಮಾತಾಡುವವರಲ್ಲ. ಬೆರಳು ಕೆಳಗಾದ ಪ್ರತಿ ಸಲ ಎದ್ದು ಹೋಗಿ ಮೂರು ಚಹಾ ತರುತ್ತಿದ್ದರು. ಅಮ್ಮ ಚಹಾ ಕುಡಿಯುವವಳಲ್ಲ, ಕಾಫಿಯವಳು. ಹನ್ನೊಂದು ದಿನವೂ ಕುಡಿದಳು.

ಮನೆಯಲ್ಲಿ ತಪ್ಪು ಯಾರದೆಂಬ ಬಗ್ಗೆ ವಿಚಿತ್ರ ಪೈಪೋಟಿ ಶುರುವಾಗಿತ್ತು. “ನನ್ನ ಮಂಡಿಗೆ ಸೀಟು ಹಿಡಿಯೋಕೆ ಹೋಗಿ ಮಗು ಕಾಲು ಕಳ್ಕೊಂಡ” ಎಂದು ಅಮ್ಮ. “ನಾನೂ ಬಂದಿದ್ದರೆ ನಾನು ಹತ್ತುತ್ತಿದ್ದೆ” ಎಂದು ಅಪ್ಪ. ಚೀಲದ ಮಾತನ್ನು ನಾನು ಯಾರಿಗೂ ಹೇಳಲಿಲ್ಲ. ರೈಲ್ವೆ ಪೊಲೀಸಿನವರು ಆ ಚೀಲವನ್ನು ಆಸ್ಪತ್ರೆಗೇ ತಂದುಕೊಟ್ಟಿದ್ದರು. ಕುಂಬಳಕಾಯಿಗೆ ಒಂದು ಗೀರೂ ಬಿದ್ದಿರಲಿಲ್ಲ. ಅಮ್ಮ ಅದನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು. ಆಮೇಲೆ ಬಹಳ ಕಾಲ ನಮ್ಮಲ್ಲಿ ಬೂದುಗುಂಬಳದ ಮಜ್ಜಿಗೆಹುಳಿ ಆಗಲಿಲ್ಲ. ಚೀಲವನ್ನು ಒಗೆದು ಅಡುಗೆಮನೆಯ ಬಾಗಿಲ ಹಿಂದೆ ನೇತುಹಾಕಿದಳು. ನಾನು ಅದನ್ನು ಮುಟ್ಟುತ್ತಿರಲಿಲ್ಲ.

ಜ್ವರ ಬಂದ ಹನ್ನೆರಡನೆಯ ದಿನ ಅದು ಬಿಟ್ಟಿತು. ಮೊಣಕಾಲು ಉಳಿಯಿತು.

ಪಕ್ಕದ ಮಂಚದಲ್ಲಿ ಬಿಜಾಪುರದ ಕಡೆಯ ಮಲ್ಲಪ್ಪ ಇದ್ದ. ಕಟ್ಟಡದ ಕೆಲಸದಲ್ಲಿ ಬಿದ್ದು ತೊಡೆ ಮುರಿದುಕೊಂಡು, ಕಾಲಿಗೆ ಭಾರ ಕಟ್ಟಿಸಿಕೊಂಡು ಮಲಗಿದ್ದ. ಜ್ವರ ಬಿಟ್ಟ ದಿನ ಮುರಳಿ ನನ್ನನ್ನು ಹತ್ತಿರ ಕರೆದು, “ಅಕ್ಕ, ಹೆಬ್ಬೆರಳು ತುರಿಸ್ತಿದೆ” ಎಂದ.

“ಯಾವ ಕಾಲಿಂದು?”

“ಇಲ್ಲದ್ದು.”

ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಮಲ್ಲಪ್ಪ ಮಲಗಿದಲ್ಲಿಂದಲೇ, “ಕೆರದ ಬಿಡ್ರಿ ಅಕ್ಕಾರ. ಅಲ್ಲೇನ ಐತಿ ಏನ ಇಲ್ಲ, ಅದರ ಉಸಾಬರಿ ನಿಮಗ್ಯಾಕ? ತುರಿಸ್ತೈತಿ ಅಂದ್ರ ಕೆರೀಬೇಕು” ಎಂದ.

ಹೆಬ್ಬೆರಳು ಇರಬೇಕಾಗಿದ್ದ ಜಾಗದಲ್ಲಿ ಹಾಸಿಗೆಯನ್ನು ಕೆರೆದೆ.

“ಸ್ವಲ್ಪ ಎಡಕ್ಕೆ” ಎಂದ ಮುರಳಿ.

ಎಡಕ್ಕೆ ಕೆರೆದೆ.

“ಹಾಂ... ಹೋಯ್ತು” ಎಂದು ಕಣ್ಣು ಮುಚ್ಚಿದ. ನಿಜವಾಗಿಯೂ ಹೋಯಿತೋ, ನನ್ನನ್ನು ನಗಿಸಲು ಹೇಳಿದನೋ. ಮೂವರೂ ನಕ್ಕೆವು. ಮಲ್ಲಪ್ಪ ನಕ್ಕು ತೊಡೆ ನೋಯಿಸಿಕೊಂಡು, “ನಿಮ್ಮ ತಮ್ಮನ ಕಾಲ್ ಹೋದ್ರೂ ನಾಲಿಗಿ ಗಟ್ಟಿ ಐತ್ರಿ” ಎಂದು ಬೈದ.

ಕೃತಕ ಕಾಲು ಮಾಡುವ ಕಡೆಗೆ ನಾಲ್ಕು ತಿಂಗಳ ಮೇಲೆ ಹೋದೆವು. ಉದ್ದನೆಯ ಕೋಣೆ, ಎರಡೂ ಕಡೆ ಬೆಂಚು, ಗೋಡೆಯ ಕೊಕ್ಕೆಗಳಿಗೆ ನೇತುಹಾಕಿದ ಕಾಲುಗಳು. ದೊಡ್ಡವು, ಚಿಕ್ಕವು, ಒಂದು ಅಂಗೈ ಉದ್ದದ್ದು. ಅಂದು ಅಲ್ಲಿ ಕಾಯುತ್ತಿದ್ದವರಲ್ಲಿ ಎರಡು ಕಾಲಿನವಳು ನಾನೊಬ್ಬಳೇ. ಸೀರೆಯ ನೆರಿಗೆಯಲ್ಲಿ ಪಾದ ಮುಚ್ಚಿಕೊಂಡು ಕೂತೆ. ಎದುರಿಗಿದ್ದ ಮುದುಕರೊಬ್ಬರು ಮುರಳಿಯ ಮಡಚಿ ಪಿನ್ನು ಹಾಕಿದ ಪ್ಯಾಂಟನ್ನು ನೋಡಿ ಹಿಂದಿಯಲ್ಲಿ ಕೇಳಿದರು: “ಮೊಣಕಾಲಿದೆಯಾ?”

“ಇದೆ.”

“ಹಾಗಾದರೆ ನೀನು ಶ್ರೀಮಂತ” ಎಂದರು. ತಮ್ಮದಿಲ್ಲ ಎಂದು ಹೇಳಲೂ ಇಲ್ಲ, ಪೇಪರು ಓದಲು ತೊಡಗಿದರು.

ಅಳತೆ ತೆಗೆದ ಕುಶಲಕರ್ಮಿ ಸಾವಂತ್ ಕಾಕಾ. ಕೈತುಂಬ ಪ್ಲಾಸ್ಟರಿನ ಪುಡಿ, ಬಾಯಲ್ಲಿ ತಂಬಾಕು. ರಬ್ಬರಿನ ಪಾದದ ಆ ಕಾಲನ್ನು ತೊಡಿಸಿ ಅವರು ಹೇಳಿದ್ದು ಒಂದೇ ಮಾತು: “ತೇವ ಇರಬಾರದು. ಕಾಲು ತೊಡುವ ಮೊದಲು ಒರೆಸು, ಪೌಡರ್ ಹಾಕು, ಒಣ ಸಾಕ್ಸು ಹಾಕು. ಒಂದು ಹನಿ ನೀರು ಉಳಿದರೂ ಬೊಕ್ಕೆ ಬರುತ್ತದೆ, ಹದಿನೈದು ದಿನ ಹಾಸಿಗೆ.” ಅಮ್ಮ ಅಪ್ಪನ ಹಳೆಯ ಬನಿಯನ್ನುಗಳನ್ನು ಕತ್ತರಿಸಿ, ಹೊಲಿಗೆ ಒಳಗೆ ಒತ್ತದ ಹಾಗೆ ಮಗುಚಿ, ಡಜನ್‌ಗಟ್ಟಲೆ ಸಾಕ್ಸು ಹೊಲಿದಳು. ಅಪ್ಪನಿಗೆ ತೊಡಲು ಬನಿಯನ್ನೇ ಉಳಿಯಲಿಲ್ಲ. ಒಂದು ದಿನ ಬರಿಮೈಯಲ್ಲೇ ಶರ್ಟು ಹಾಕಿಕೊಂಡು ಆಫೀಸಿಗೆ ಹೋದರು.

ಮೊದಲ ಸಲ ಈಜುಕೊಳಕ್ಕೆ ಹೋಗಿ ಬಂದು ಮುರಳಿ ಊಟಕ್ಕೆ ಕೂತವನೇ ನಗತೊಡಗಿದ. “ಅಮ್ಮ, ನೇರ ಹೋಗೋಕೇ ಆಗಲ್ಲ. ಒಂದೇ ಕಾಲಲ್ಲಿ ಒದ್ದರೆ ಎಡಕ್ಕೆ ತಿರುಗ್ತೀನಿ. ಗಾಣದ ಎತ್ತಿನ ಹಾಗೆ ಸುತ್ತಿ ಸುತ್ತಿ ಹೊರಟ ಕಡೆಗೇ ಬರ್ತೀನಿ.” ಎಡಗೈಯನ್ನು ಬಲವಾಗಿ ಎಳೆದು ದಾರಿ ತಿದ್ದಿಕೊಳ್ಳಲು ಆರು ತಿಂಗಳು ಹಿಡಿಯಿತು. ಸೈಕಲ್ಲಿಗೆ ರಬ್ಬರ್ ಪಾದ ಜಾರದಂತೆ ಹಳೆಯ ಟ್ಯೂಬು ಕತ್ತರಿಸಿ ಪೆಡಲಿಗೆ ಪಟ್ಟಿ ಮಾಡಿಕೊಂಡ. ಅದರೊಳಗಿಂದ ಪಾದ ಬೇಗ ಬಿಡಿಸಿಕೊಳ್ಳಲಾಗದೆ ಸಿಗ್ನಲ್ಲುಗಳಲ್ಲಿ ಬಿದ್ದ. ಮೊಣಕೈ ತರಚಿಕೊಂಡು ಬಂದು, “ಇವತ್ತು ಬರೀ ಎರಡು ಸಲ” ಎನ್ನುತ್ತಿದ್ದ. ಓಟ ಕೊನೆಯದು, ಕಷ್ಟದ್ದು. ಬಲಗಾಲಿನಲ್ಲಿ ಒಂದು ಹೆಜ್ಜೆ, ಒಂದು ಕುಪ್ಪಳಿಕೆ, ಆಮೇಲೆ ರಬ್ಬರ್ ಪಾದ. ಕಾಲೊನಿಯಲ್ಲಿ ಅವನು ಓಡುವಾಗ ಕಣ್ಣುಮುಚ್ಚಿದರೂ ಸದ್ದಿನಿಂದಲೇ ಗೊತ್ತಾಗುತ್ತಿತ್ತು: ಟಪ್, ಟಪ್, ಧಪ್.

ಕಾಲನ್ನು ಈಜುಕೊಳಕ್ಕೆ ಕೊಂಡೊಯ್ಯಲು, ಟವೆಲು, ಪೌಡರು, ಸಾಕ್ಸು ಇಡಲು ಒಂದು ಚೀಲ ಬೇಕಿತ್ತಲ್ಲ. ಅಡುಗೆಮನೆಯ ಬಾಗಿಲ ಹಿಂದಿನ ಚೀಲವನ್ನೇ ತೆಗೆದುಕೊಂಡ. ನಾನು ಮುಖ ತಿರುಗಿಸಿದೆ. ಅವನಿಗೆ ಅದು ಬರೀ ಚೀಲ.

ನಾನು ಮಾತ್ರ ಅಲ್ಲೇ ನಿಂತಿದ್ದೆ, ಐದು ಐವತ್ತೆರಡರಲ್ಲಿ. ನಮ್ಮ ಬಿಲ್ಡಿಂಗ್ ಹಳಿಗೆ ಹತ್ತಿರ. ಬೆಳಗಿನ ಜಾವದ ಮೊದಲ ಲೋಕಲ್ ಸದ್ದು ಬರುವ ಮೊದಲೇ ನನಗೆ ಎಚ್ಚರವಾಗುತ್ತಿತ್ತು. ಅದು ಬಂದು, ನಿಂತು, ಹೊರಟು, ಯಾರೂ ಕೂಗಲಿಲ್ಲ ಎಂದು ಖಾತ್ರಿಯಾಗುವವರೆಗೆ ಉಸಿರು ಬಿಗಿಹಿಡಿದು ಮಲಗಿರುತ್ತಿದ್ದೆ. ನಾಲ್ಕು ವರ್ಷ ಹೀಗೆ. ಕಾಲು ಹೋದವನು ಗೊರಕೆ ಹೊಡೆಯುತ್ತಿದ್ದ, ಕಾಲಿದ್ದವಳು ಎದ್ದು ಕೂರುತ್ತಿದ್ದೆ. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ರೋಗಿಯ ಪಕ್ಕದ ಬೆಂಚಿನಲ್ಲಿ ಕೂತವರಿಗೂ ಏನೋ ಆಗಿರುತ್ತದೆ. ಅವರನ್ನು ಯಾರೂ ಕೇಳುವುದಿಲ್ಲ, ಅವರೂ ಹೇಳುವುದಿಲ್ಲ.

ಉಪನಗರದ ಒಂದು ಈಜು ಕ್ಲಬ್ಬಿನವರು ಈಜು, ಸೈಕಲ್ಲು, ಓಟ ಮೂರನ್ನೂ ಸೇರಿಸಿ ಒಂದೇ ಸ್ಪರ್ಧೆ ಇಟ್ಟಿದ್ದಾರೆಂದು ಮುರಳಿ ಒಂದು ಸಂಜೆ ಕುಣಿಯುತ್ತಾ ಬಂದ. ಅದಕ್ಕೆ ಟ್ರಯಥ್ಲಾನ್ ಎನ್ನುತ್ತಾರೆಂದು ನಾನು ಕೇಳಿದ್ದು ಅಂದೇ. ಕೃತಕ ಕಾಲಿನವರಿಗೆ ಬೇರೆ ವಿಭಾಗ ಇರಲಿಲ್ಲ, ಎಲ್ಲರ ಜೊತೆಯಲ್ಲೇ. ಕ್ಲಬ್ಬಿನವರು ಹಿಂದೆಮುಂದೆ ನೋಡಿ, ಮನೆಯವರೊಬ್ಬರು ಜವಾಬ್ದಾರಿ ಬರೆದುಕೊಟ್ಟು, ಜೊತೆಗೆ ಬಂದು ನಿಂತರೆ ಸೇರಿಸಿಕೊಳ್ಳುತ್ತೇವೆ ಎಂದಿದ್ದರು.

ಕಾಗದವನ್ನು ನನ್ನ ಮುಂದಿಟ್ಟ. ‘ಸಂಬಂಧ’ ಎಂಬ ಜಾಗ ಖಾಲಿಯಿತ್ತು.

“ಅಪ್ಪನ ಹತ್ರ ಹಾಕಿಸ್ಕೋ” ಎಂದೆ.

“ಅಪ್ಪ ಹಾಕ್ತಾರೆ. ನನಗೆ ನೀನು ಬರಬೇಕು.”

“ನಾನು ಬರಲ್ಲ. ರಸ್ತೆಯಲ್ಲಿ ಬಸ್ಸು, ಲಾರಿ... ಪಟ್ಟಿಯೊಳಗೆ ಪಾದ ಸಿಕ್ಕೊಂಡು ಬಿದ್ದರೆ? ನನ್ನ ಕೈಲಿ ಆಗಲ್ಲ ಮುರಳಿ.”

“ಕಾಲು ಕತ್ತರಿಸೋಕೆ ಸೈನ್ ಮಾಡಿದೀಯ, ಓಡೋಕೆ ಮಾಡಲ್ವಾ?”

ತಮಾಷೆಗೇ ಅಂದದ್ದು. ನಾನು ಅತ್ತುಬಿಟ್ಟೆ. ಅಳುತ್ತಲೇ ಹೇಳಿದೆ, ನಾಲ್ಕು ವರ್ಷ ಬಾಯಲ್ಲಿಟ್ಟುಕೊಂಡದ್ದನ್ನು: “ಅವತ್ತು ನೀನು ಚೀಲ ಹಿಡ್ಕೋ ಅಂದೆ. ನಾನು ಹಿಡೀಲಿಲ್ಲ. ಎರಡು ಕೈ ಖಾಲಿ ಇದ್ದಿದ್ರೆ ನೀನು ಬೀಳ್ತಿರಲಿಲ್ಲ.”

ಒಲೆಯ ಮುಂದೆ ಅಮ್ಮ ಕೈ ನಿಲ್ಲಿಸಿದಳು. ಮುರಳಿ ನನ್ನನ್ನು ಪಿಳಿಪಿಳಿ ನೋಡಿದ.

“ಅಂದಿದ್ನಾ? ಯಾವಾಗ?”

“ಗಾಡಿ ಬಂದಾಗ!”

“ನಿಜವಾಗ್ಲೂ ನೆನಪಿಲ್ಲ ಕಣೆ ಅಕ್ಕ. ಸ್ಟೇಷನ್ ಹೊರಗೆ ಕಬ್ಬಿನ ಹಾಲು ಕುಡಿದೆವಲ್ಲ, ಅದು ನೆನಪಿದೆ. ಆಮೇಲೆ ಆಸ್ಪತ್ರೆ ಫ್ಯಾನು. ಮಧ್ಯದಲ್ಲಿ ಏನೂ ಇಲ್ಲ.” ಕಾಗದವನ್ನು ಪಕ್ಕಕ್ಕೆ ಸರಿಸಿ ಹೇಳಿದ: “ನನ್ನ ಹತ್ರ ಇಲ್ಲದ್ದನ್ನ ನೀನೊಬ್ಬಳೇ ಇಟ್ಕೊಂಡಿದೀಯಾ ಇಷ್ಟು ವರ್ಷ?”

ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು, “ಆ ಕುಂಬಳಕಾಯಿ ಬೇಕು ಅಂತ ಹಟ ಮಾಡಿ ಕೊಂಡವಳು ನಾನು” ಎಂದಳು.

“ಆಯ್ತು, ಅಪ್ಪನೂ ಬರಲಿ. ಎಲ್ಲರೂ ಸಾಲಾಗಿ ನಿಂತು ಒಬ್ಬೊಬ್ಬರೇ ಒಪ್ಕೊಳ್ಳಿ, ನಾನು ಶಿಕ್ಷೆ ಕೊಡ್ತೀನಿ” ಎಂದ ಮುರಳಿ. ಅಳುತ್ತಿದ್ದವಳಿಗೆ ನಗು ಬಂತು. ಸಹಿ ಹಾಕಿದೆ.

ಸ್ಪರ್ಧೆಯ ಬೆಳಿಗ್ಗೆ ಈಜುಕೊಳದ ಅಂಚಿನಲ್ಲಿ ಮೂವತ್ತೋ ನಲವತ್ತೋ ಜನ ಸಾಲಾಗಿ ನಿಂತಿದ್ದರು. ಅಪ್ಪ ಅಮ್ಮ ಹಿಂದೆ, ನೋಡಲು ಬಂದವರ ಗುಂಪಿನಲ್ಲಿ ಕೂತಿದ್ದರು. ಮುರಳಿ ಕೂತು ಕಾಲು ಕಳಚಿದ. ಅದನ್ನು ಚೀಲದೊಳಗಿಟ್ಟ. ಕಣ್ಣು ನೀರಿನ ಮೇಲೆಯೇ ಇತ್ತು. ನನ್ನ ಕಡೆ ನೋಡದೆ, ಕೈ ಹಿಂದಕ್ಕೆ ಚಾಚಿ ಹೇಳಿದ:

“ಅಕ್ಕ, ಚೀಲ ಹಿಡ್ಕೋ.”

ಬೇಕೆಂದೇ ಅಂದನೋ, ಹಾಗೇ ಬಾಯಿಗೆ ಬಂತೋ ನಾನು ಇವತ್ತಿನವರೆಗೆ ಕೇಳಿಲ್ಲ. ಹಿಡಿದುಕೊಂಡೆ. ಎರಡೂ ಕೈಯಲ್ಲಿ, ಎದೆಗೆ ಒತ್ತಿ. ಹೆಚ್ಚುಕಡಿಮೆ ಒಂದು ಕುಂಬಳಕಾಯಿಯಷ್ಟೇ ಭಾರವಿತ್ತು.

ಸೀಟಿ ಊದಿದರು. ಅವನು ಈಜಿದ, ನೇರಕ್ಕೆ. ನೀರಿನಲ್ಲಿ ಅವನಿಗಿಂತ ಹಿಂದೆ ಹತ್ತು ಜನರಾದರೂ ಇದ್ದರು. ಅಂಚಿಗೆ ಬಂದು ಕೈಯೂರಿ ಮೇಲೆ ಬಂದ. ನಾನು ಮಂಡಿಯೂರಿ ಕೂತು ಮೊಣಕಾಲಿನ ಕೆಳಗಿನ ಆ ಗುಂಡು ತುದಿಯನ್ನು ಟವೆಲಿನಿಂದ ಒತ್ತಿ ಒತ್ತಿ ಒರೆಸಿದೆ. ನನ್ನ ಸಹಿಯಿಂದಾದ ಗಾಯದ ಗೆರೆಯನ್ನು ನಾನು ಮುಟ್ಟಿದ್ದು ಅದೇ ಮೊದಲು. ಮೆತ್ತಗಿತ್ತು, ಬೆಚ್ಚಗಿತ್ತು.

“ಬೇಗ ಅಕ್ಕಾ! ಮಗುವಿಗೆ ಸ್ನಾನ ಮಾಡಿಸ್ತಿದೀಯಾ?”

“ಸುಮ್ನಿರೋ, ಒಂದು ಹನಿ ಇರಬಾರದು ಅಂದಿದಾರೆ.”

“ಎಲ್ಲರೂ ಹೋಗ್ತಿದಾರೆ ಕಣೆ!”

“ಹೋಗಲಿ. ನಿನಗೆ ಕಿಟಕಿ ಸೀಟು ಇಟ್ಟಿರ್ತಾರೆ” ಎಂದೆ. ಆ ಮಾತು ನನ್ನ ಬಾಯಲ್ಲಿ ಹೇಗೆ ಬಂತೋ. ಅವನು ಒಂದು ಕ್ಷಣ ನನ್ನನ್ನು ನೋಡಿ ಜೋರಾಗಿ ನಕ್ಕ. ಪೌಡರು, ಸಾಕ್ಸು, ಕಾಲು. ಕಾಲಿನ ಪಟ್ಟಿ ಬಿಗಿದು ಸೈಕಲ್ಲಿನ ಕಡೆ ಓಡಿದ.

ಅವನು ತಿರುಗಿ ಬರುವವರೆಗಿನ ಹೊತ್ತನ್ನು ಹೇಗೆ ಕಳೆದೆನೋ ಹೇಳಲಾರೆ. ಖಾಲಿ ಚೀಲವನ್ನು ಮಡಚುವುದು, ಬಿಚ್ಚುವುದು. ಊರುಗೋಲಿಲ್ಲದೆ ಕುಂಟುತ್ತಾ ಆಸ್ಪತ್ರೆಯ ಗೆಳೆಯ ಮಲ್ಲಪ್ಪ ಬಂದಿದ್ದ, ಕಂಕುಳಲ್ಲಿ ರೊಟ್ಟಿಯ ಗಂಟು. “ನೀವ್ ಕೂಡ್ರಿ ಅಕ್ಕಾರ, ನಾ ನೋಡ್ತೀನಿ” ಎಂದು ರಸ್ತೆಯ ತಿರುವಿನಲ್ಲಿ ನಿಂತ. ಸೈಕಲ್ಲಿನವರು ಬಂದರು, ಇಳಿದರು, ಓಡಿದರು. ಮುರಳಿ ಬಂದ, ಇಳಿಯುವಾಗ ಬೀಳಲಿಲ್ಲ, ಓಡಿದ. ಆಮೇಲೆ ಬಹಳ ಹೊತ್ತಾದ ಮೇಲೆ, ಜನ ಬಾಟಲಿ, ಟವೆಲು ಎತ್ತಿಡತೊಡಗಿದ ಮೇಲೆ, ಆ ಸದ್ದು ಕೇಳಿತು. ಟಪ್, ಟಪ್, ಧಪ್.

“ಬಂದ್ರೀ ನಮ್ಮ ಹುಲಿ!” ಎಂದು ಮಲ್ಲಪ್ಪ ಕೂಗಿದ.

ಕೊನೆಯಿಂದ ಎರಡನೆಯವನು. ಅವನ ಹಿಂದೆ ಬಂದವರು ಮೀನಖಂಡ ಹಿಡಿದುಕೊಂಡ ಒಬ್ಬ ಬ್ಯಾಂಕ್ ಅಧಿಕಾರಿ. ಮುರಳಿ ತನ್ನ ಜೀವಮಾನದಲ್ಲಿ ಅವರ ಮೇಲಿಟ್ಟಷ್ಟು ಪ್ರೀತಿಯನ್ನು ಯಾರ ಮೇಲೂ ಇಟ್ಟಿಲ್ಲ. ಅಪ್ಪ ಗುಂಪಿನಿಂದ ಎದ್ದು ಹೋದರು. ಮೂರು ಚಹಾ ತಂದರು.

ಆಮೇಲೆ ಅವನು ಇಂಥ ಆರು ಸ್ಪರ್ಧೆಗಳಿಗೆ ಹೋದ. ಪುಣೆಗೆ ಒಮ್ಮೆ. ಪದಕ ಬಂದದ್ದು ಇಲ್ಲ. ಬೊಕ್ಕೆ ಬಂದು ಹಾಸಿಗೆ ಹಿಡಿದದ್ದು ಎರಡು ಸಲ, ಆ ಎರಡು ಸಲವೂ ಚೀಲ ಹಿಡಿಯಲು ನಾನು ಹೋಗಿರಲಿಲ್ಲ ಎಂದು ಎಲ್ಲರೆದುರು ದೂರುತ್ತಾನೆ. ಈಗ ಭಾನುವಾರಗಳಲ್ಲಿ ಸಾವಂತ್ ಕಾಕಾ ಕಳಿಸಿದವರಿಗೆ ಈಜು ಕಲಿಸುತ್ತಾನೆ. ಮೊದಲ ದಿನ ಎಲ್ಲರೂ ಸುತ್ತುತ್ತಾರಂತೆ.

ಆ ಮೊದಲ ಸ್ಪರ್ಧೆಯ ದಿನ ಮನೆಗೆ ಲೋಕಲ್ಲಿನಲ್ಲೇ ಬಂದೆವು. ಗಾಡಿ ಪೂರ್ತಿ ನಿಂತ ಮೇಲೆ ಹತ್ತಿದೆವು. ಸೀಟು ಸಿಗಲಿಲ್ಲ. ಅಮ್ಮ ಮಂಡಿ ನೀವಿಕೊಳ್ಳುತ್ತಾ ನಿಂತೇ ಬಂದಳು, ದಾರಿಯುದ್ದಕ್ಕೂ ನಗುತ್ತಿದ್ದಳು. ಚೀಲ ನನ್ನ ಹೆಗಲಲ್ಲಿತ್ತು. ಮನೆಗೆ ಬಂದು ಅದನ್ನು ಬಾಗಿಲ ಹಿಂದೆ ನಾನೇ ತೂಗುಹಾಕಿದೆ.

ಮರುದಿನ ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ಏನೋ ತಪ್ಪಾಗಿದೆ ಎನಿಸಿ ಗಾಬರಿಯಿಂದ ಎದ್ದು ಕೂತೆ. ಅಡುಗೆಮನೆಯಿಂದ ಒಗ್ಗರಣೆಯ ವಾಸನೆ, ಬೂದುಗುಂಬಳದ ಮಜ್ಜಿಗೆಹುಳಿಯದು. ಮುರಳಿ ಒಂದೇ ಕಾಲಲ್ಲಿ ಬಾಗಿಲಿಗೊರಗಿ ಕಾಫಿ ಕುಡಿಯುತ್ತಿದ್ದ.

“ಏನಮ್ಮಾ ಮಹಾರಾಣಿ, ಆಫೀಸಿಲ್ವಾ? ಗಂಟೆ ಎಂಟಾಯ್ತು.”

“ಮೊದಲ ಲೋಕಲ್ ಇವತ್ತು ಬರಲಿಲ್ವಾ?” ಎಂದು ಕೇಳಿದೆ.

“ಬಂತು, ಹೋಯ್ತು” ಎಂದ ಅವನು. “ಅದರ ಹಿಂದೆ ಇನ್ನೂ ಎಷ್ಟೋ ಹೋದವು. ನೀನು ಮಲಗಿದ್ದೆ.”